ದೂರಿನಲ್ಲಿ ನಾನು ಬರೆದ ತಾರೀಕು

2003ರಲ್ಲಿ ನಾನು ಬೆಳ್ತಂಗಡಿಯ ಒಂದು ಸಹಾಯವಾಣಿ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಕಷ್ಟದಲ್ಲಿರುವ ಮಹಿಳೆಯರಿಗೂ ಮಕ್ಕಳಿಗೂ ಆಸರೆಯಾಗಲೆಂದು ಸ್ವಯಂಸೇವಾ ಸಂಸ್ಥೆಯೊಂದು ನಡೆಸುತ್ತಿದ್ದ ಕೇಂದ್ರ ಅದು. ಲಾಯಿಲದ ಕಡೆಗೆ ಹೋಗುವ ರಸ್ತೆಯಲ್ಲಿ ಮಾಳಿಗೆಯ ಮೇಲೆ ಎರಡು ಕೋಣೆ, ಒಂದು ಟೆಲಿಫೋನ್, ಇಬ್ಬರು ಸಮಾಲೋಚಕಿಯರು. ಅದಕ್ಕೆ ಮೊದಲು ನಾನು ಮೂಡಬಿದಿರೆಯ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಕನ್ನಡ ಪಾಠ ಮಾಡಿದ್ದೆ. ನಮ್ಮ ಮನೆಮಾತು ಕೊಂಕಣಿ, ಬಸ್ಸಿನಲ್ಲೂ ಪೇಟೆಯಲ್ಲೂ ತುಳು, ಬರೆಯುವುದಕ್ಕೆ ಕನ್ನಡ. ಕೇಂದ್ರಕ್ಕೆ ನನ್ನನ್ನು ಆರಿಸಿದವರು ಸಂದರ್ಶನದಲ್ಲಿ, "ದೂರು, ವರದಿ ಎಲ್ಲ ಚೆಂದಕ್ಕೆ ಬರೆಯುವವರು ನಮಗೆ ಬೇಕಿತ್ತು" ಎಂದಿದ್ದರು. ಆ ಮಾತು ನನಗೆ ಬಹಳ ಖುಷಿ ಕೊಟ್ಟಿತ್ತು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಆಗ ಪ್ರತ್ಯೇಕ ಕಾಯ್ದೆ ಇರಲಿಲ್ಲ. ಪೋಕ್ಸೊ ಬಂದದ್ದು 2012ರಲ್ಲಿ. ದೊಡ್ಡವರಿಗಾಗಿ ಬರೆದ ಭಾರತೀಯ ದಂಡ ಸಂಹಿತೆಯ ಕಲಮುಗಳ ಒಳಗೇ ಒಂಬತ್ತು ವರ್ಷದ ಮಗುವಿನ ಕಥೆಯನ್ನೂ ತುರುಕಬೇಕಿತ್ತು. ನಮಗೆ ಸಿಕ್ಕಿದ್ದು ಎರಡು ದಿನದ ತರಬೇತಿ. ಮಗುವಿನ ಜತೆ ನೆಲದಲ್ಲಿ ಕೂತು ಮಾತಾಡಿ, ನಿನ್ನದೇನೂ ತಪ್ಪಿಲ್ಲ ಎಂದು ಹೇಳಿ ಎಂದು ಕಲಿಸಿದ್ದರು. ಮಗು ಹೇಳಿದ್ದನ್ನು ಹೇಗೆ ಬರೆದುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬರೆಯುವುದು ನನಗೆ ಗೊತ್ತೇ ಇದೆ ಎಂದುಕೊಂಡು ನಾನೂ ಕೇಳಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದು ಕೆಲವು ವಾರವಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಕೇಂದ್ರದ ಬಾಗಿಲು ತೆಗೆಯುವಾಗಲೇ ಫೋನ್ ಹೊಡೆದುಕೊಳ್ಳುತ್ತಿತ್ತು.

"ಇದು ಮಕ್ಕಳ ಆಪೀಸಾ? ಬಸ್ ಸ್ಟ್ಯಾಂಡಿನಲ್ಲಿ ನಂಬ್ರ ಅಂಟಿಸಿದ್ದು ನೋಡಿದೆ. ಒಂದು ಮಗುವಿನ ವಿಷಯ ಹೇಳ್ಲಿಕ್ಕಿತ್ತು."

"ಹೇಳಿ. ನಿಮ್ಮ ಮಗುವಾ?"

"ನನ್ನದಲ್ಲ. ನನಗೆ ಏನೂ ಆಗಬೇಕಿಲ್ಲ. ಆದರೆ ನೀವೊಮ್ಮೆ ಬರ್ಲಿಕ್ಕುಂಟಾ? ಫೋನಿನಲ್ಲಿ ಹೇಳುವಂಥದ್ದಲ್ಲ."

ಮಾತಾಡಿದವರು ಉಸ್ಮಾನ್ ಬ್ಯಾರಿ. ಊರಿನವರ ಬಾಯಲ್ಲಿ ಉಸ್ಮಾನಾಕ. ತಾಲೂಕಿನ ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ, ರಬ್ಬರ್ ತೋಟಕ್ಕೆ ಮಣ್ಣಿನ ರಸ್ತೆ ಕವಲೊಡೆಯುವಲ್ಲಿ ಅವರದೊಂದು ಜಿನಸಿನ ಅಂಗಡಿ. ಹಳ್ಳಿಯ ಹೆಸರು ಬರೆಯುವುದಿಲ್ಲ, ತೋಟದ್ದೂ ಇಲ್ಲ. ಮಗುವಿನ ನಿಜ ಹೆಸರು ಬರೆಯುವುದಕ್ಕಂತೂ ಕಾನೂನೇ ಅಡ್ಡ ಬರುತ್ತದೆ. ಅವಳನ್ನು ನಯನ ಎಂದು ಕರೆಯುತ್ತೇನೆ. ಅವಳ ತಾಯಿಯನ್ನು ವಾರಿಜ ಎನ್ನೋಣ.

ನಾನು ಹೋದಾಗ ಉಸ್ಮಾನಾಕ ಮೊದಲು ಗಿರಾಕಿಗಳನ್ನು ಸಾಗಹಾಕಿದರು. ಅರವತ್ತು ದಾಟಿದ ಸಣಕಲು ಮನುಷ್ಯ. ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ತಕ್ಕಡಿ ನೋಡುತ್ತಿದ್ದರು.

"ನಾನು ಬೆಳಗಿನ ನಮಾಜು ಮುಗಿಸಿ ಐದೂವರೆಗೆ ಅಂಗಡಿ ತೆಗೀತೇನೆ ಬಾಯಮ್ಮ. ಮೊದಲ ಬಸ್ಸಿಗೆ ಹೋಗುವವರು ಒಂದಿಬ್ಬರು ಬರ್ತಾರೆ. ಈಗ ಸುಮಾರು ದಿನ ಆಯಿತು, ನಾನು ಬಾಗಿಲು ತೆಗೆಯುವ ಮೊದಲೇ ಈ ಮಗು ಬೆಂಚಿನಲ್ಲಿ ಕೂತಿರ್ತದೆ. ಶಾಲೆಯ ಬ್ಯಾಗು ಮಡಿಲಲ್ಲಿ. ಶಾಲೆ ಶುರುವಾಗುವುದು ಒಂಬತ್ತೂವರೆಗೆ. ಅಷ್ಟು ಹೊತ್ತೂ ಇಲ್ಲೇ. ಇಷ್ಟು ಬೇಗ ಯಾಕೆ ಮಗಾ ಅಂದರೆ, ಮನೆಯಲ್ಲಿ ಕೂರಲಿಕ್ಕೆ ಹೆದರಿಕೆ ಅಂತದೆ. ಕತ್ತಲೆಗೆ ಹೆದರಿಕೆಯಾ ಕೇಳಿದೆ. ಕತ್ತಲೆಯಲ್ಲೇ ಅಲ್ವಾ ಅದು ಅಲ್ಲಿಂದ ಇಲ್ಲಿಗೆ ನಡೆದು ಬರುವುದು?"

ಉಳಿದದ್ದನ್ನೂ ಹೇಳಿದರು. ಹಿಂದಿನ ದಿನ ತೋಟದ ರೈಟರ್ ಸಿಗರೇಟಿಗೆಂದು ಅಂಗಡಿಯ ಮುಂದೆ ಬೈಕು ನಿಲ್ಲಿಸಿದ್ದಾನೆ. ರೈಟರ್ ಎಂದರೆ ತೋಟದ ಗುಮಾಸ್ತ. ಹಾಜರಿ ಬರೆಯುವುದು, ಯಾರಿಗೆ ಯಾವ ಸಾಲಿನ ಮರ ಎಂದು ಹಂಚುವುದು ಎಲ್ಲ ಅವನೇ. ಬೈಕಿನ ಸದ್ದು ಕೇಳಿದ್ದೇ ಮಗು ಬೆಂಚಿನಿಂದ ಜಾರಿ, ಮೇಜಿನ ಅಡಿಯಿಂದ ನುಸುಳಿ, ಹಿಂಡಿಯ ಗೋಣಿಗಳ ಸಂದಿಯಲ್ಲಿ ಸೇರಿಕೊಂಡಿತಂತೆ. ಅವನು ಹೋಗಿ ತುಂಬ ಹೊತ್ತಾದರೂ ಹೊರಗೆ ಬರಲಿಲ್ಲವಂತೆ.

"ನನಗೆ ಮೂರು ಹೆಣ್ಣು ಮಕ್ಕಳು" ಎಂದರು ಉಸ್ಮಾನಾಕ. "ಒಂದು ಮಗು ಅಂಥ ಜಾಗದಲ್ಲಿ ಹಾಗೆ ಮುದುಡಿ ಕೂತದ್ದು ನಾನು ನೋಡಿದ್ದಿಲ್ಲ."

ವಾರಿಜ ಆ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದಳು. ಬಿಸಿಲೇರುವ ಮೊದಲು ಮರದ ತೊಗಟೆ ಗೀರಿದರೆ ಹಾಲು ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಟ್ಯಾಪಿಂಗಿನವರು ನಸುಕಿನ ನಾಲ್ಕೂವರೆಗೇ ಹಣೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ಗಂಡ ಮುಂಬಯಿಯ ಹೋಟೆಲಿಗೆಂದು ಹೋದವನು ಐದು ವರ್ಷದಿಂದ ಪತ್ತೆಯಿಲ್ಲ. ತಾಯಿ, ಮಗಳು ಇಬ್ಬರೇ ತೋಟದವರು ಕೊಟ್ಟ ಲೈನ್ ಮನೆಯಲ್ಲಿ ಇದ್ದರು. ತಾಯಿ ಹೋದ ಮೇಲೆ ಶಾಲೆಯ ಹೊತ್ತಿನವರೆಗೆ ಮಗು ಒಂದೇ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಹಾಜರಿ ಬರೆಯುವವನಿಗೆ.

ನಾನು ವಾರಿಜಳನ್ನು ಕಂಡದ್ದು ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಹತ್ತಿರ. ವಿಷಯ ಎತ್ತಿದಾಗ ಮೊದಲು ಸಿಟ್ಟು ಮಾಡಿದಳು. "ಅಂಥದ್ದೆಲ್ಲ ಏನೂ ಇಲ್ಲ ಮೇಡಂ. ಯಾರು ಹೇಳಿದ್ದು ನಿಮಗೆ?" ಎಂದು ಬೆನ್ನು ತಿರುಗಿಸಿ ಶೀಟು ತೂಗಹಾಕತೊಡಗಿದಳು. ಮಗು ದಿನಾ ನಸುಕಿಗೇ ಅಂಗಡಿಯ ಬೆಂಚಿನಲ್ಲಿ ಕೂತಿರುತ್ತದೆ ಎಂದೆ. ಅವಳ ಕೈ ನಿಂತಿತು. ಅದು ಅವಳಿಗೆ ಗೊತ್ತಿರಲಿಲ್ಲ.

"ಮೊದಲು ನಾನು ಹೋಗುವಾಗ ಹೊರಗಿಂದ ಚಿಲಕ ಹಾಕಿ ಹೋಗ್ತಿದ್ದೆ" ಎಂದಳು. "ಒಂದು ದಿನ ಅವಳೇ ಹೇಳಿದಳು, ಅಮ್ಮಾ ಚಿಲಕ ಹಾಕಬೇಡ ಅಂತ. ಆಡಲಿಕ್ಕೆ ಹೋಗ್ಲಿಕ್ಕಾ ಅಂತ ಬೈದೆ. ಹೊರಗಿಂದ ಹಾಕಿದ್ದನ್ನು ಹೊರಗಿನವರು ತೆಗೀಬಹುದಲ್ಲ, ಅದು ನನಗೆ ಹೊಳೀಲಿಲ್ಲ." ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

ನಯನಳ ಜತೆ ನಾನು ಮೂರು ಸಲ ಮಾತಾಡಿದೆ. ಮೊದಲ ಸಲ ನಾನು ಕನ್ನಡದಲ್ಲಿ ಕೇಳಿದೆ. ಶಾಲೆಯಲ್ಲಿ ಉತ್ತರ ಹೇಳುವ ಹಾಗೆ ಎದ್ದು ನಿಂತು "ಇಲ್ಲ ಟೀಚರ್" ಎಂದಳು. ಎರಡನೆಯ ಸಲ ತುಳುವಿನಲ್ಲಿ ಶುರುಮಾಡಿದೆ. ನೆಲದಲ್ಲಿ ಹರಡಿದ್ದ ಬಣ್ಣದ ಪೆನ್ಸಿಲುಗಳನ್ನು ಉದ್ದ ಗಿಡ್ಡ ನೋಡಿ ಜೋಡಿಸುತ್ತ, ತಲೆ ಎತ್ತದೆಯೇ ಹೇಳಿದಳು, "ರೈಟರ್ ಎಂಕ್ ಉಪದ್ರ ಕೊರ್ಪೆರ್." ನನಗೆ ಉಪದ್ರ ಕೊಡುತ್ತಾರೆ ಎಂದು. ನಮ್ಮ ಊರಿನಲ್ಲಿ ಉಪದ್ರ ಎಂದರೆ ಸೊಳ್ಳೆಯದ್ದೂ ಆಗುತ್ತದೆ, ಪಕ್ಕದ ಮನೆಯ ನಾಯಿಯದ್ದೂ ಆಗುತ್ತದೆ. ಅವಳ ಹತ್ತಿರ ಇದ್ದದ್ದು ಆ ಶಬ್ದ ಒಂದೇ. ಅದರೊಳಗೆ ಏನಿತ್ತೆಂದು ಮೂರನೆಯ ಸಲ ತನಗೆ ಬಂದ ಮಾತಿನಲ್ಲೇ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಹೇಳುತ್ತಿದ್ದುದು ಸತ್ಯ ಎಂಬುದರಲ್ಲಿ ಅಂದಿಗೂ ಇಂದಿಗೂ ನನಗೆ ಸಂಶಯವಿಲ್ಲ.

ಯಾವಾಗಿನಿಂದ ಎಂದು ಕೇಳಿದ್ದಕ್ಕೆ, "ಪರ್ಬ ಕಳೆದ ಮೇಲೆ" ಎಂದಿದ್ದಳು. ತುಳುವರಿಗೆ ಪರ್ಬ ಎಂದರೆ ದೀಪಾವಳಿ. ಎಷ್ಟು ಸಲ ಎಂದರೆ ಬೆರಳು ಮಡಚಿ, ಮತ್ತೆ ಬಿಡಿಸಿ, "ಗೊತ್ತುಜ್ಜಿ" ಎಂದಳು, ಗೊತ್ತಿಲ್ಲ ಎಂದು. ಎಷ್ಟು ಹೊತ್ತಿಗೆ ಎಂದರೆ, "ಅಮ್ಮನ ಟಾರ್ಚು ಕಾಣದೆ ಆದ ಮೇಲೆ." ಮನೆಯ ಕಿಟಕಿಯಿಂದ ಗುಡ್ಡದ ಮೇಲೆ ತಾಯಿಯ ಹಣೆಯ ಬೆಳಕು ಚಲಿಸುವುದನ್ನು ಆ ಮಗು ನೋಡುತ್ತಿತ್ತು. ಅದು ಮರಗಳ ಮರೆಗೆ ಹೋದ ಮೇಲೆ ಅವನು ಬರುತ್ತಿದ್ದ.

ದೂರು ಕೊಡುವುದು ಸುಲಭದ ತೀರ್ಮಾನ ಆಗಿರಲಿಲ್ಲ. ದೂರು ಕೊಟ್ಟರೆ ಕೆಲಸ ಹೋಗುತ್ತದೆ, ಮನೆಯೂ ಹೋಗುತ್ತದೆ. ಎರಡನ್ನೂ ನಾನು ವಾರಿಜಳಿಗೆ ಮುಚ್ಚಿಡದೆ ಹೇಳಿದೆ. ಒಂದು ವಾರ ಅವಳು ಯೋಚನೆ ಮಾಡಿದಳು. ಆ ವಾರ ಮಗುವನ್ನು ನಸುಕಿಗೇ ಎಬ್ಬಿಸಿ, ಚಾದರ ಸುತ್ತಿ, ತನ್ನ ಜತೆಯೇ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಎಂಟನೆಯ ದಿನ ಕೇಂದ್ರಕ್ಕೆ ಬಂದು, "ಟೀಚರ್, ದೂರು ಬರೆಯುವ. ಕೆಲಸ ಹೋದರೆ ಬೀಡಿ ಕಟ್ಟುತ್ತೇನೆ. ನಾಳೆ ಅವಳು ದೊಡ್ಡವಳಾಗಿ ನೀನು ಆಗ ಏನು ಮಾಡಿದೆ ಅಂತ ಕೇಳಿದರೆ ನನ್ನ ಹತ್ತಿರ ಒಂದು ಉತ್ತರ ಬೇಕಲ್ಲ" ಎಂದಳು.

ಠಾಣೆ ಯಾವುದೆಂದು ಹೇಳುವ ಅಗತ್ಯವಿಲ್ಲ. ಅಲ್ಲಿ ನಮ್ಮನ್ನು ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಮಗುವಿಗೆ ಕುರ್ಚಿ ಹಾಕಿಸಿದರು. ವಾರಿಜಳಿಗೆ ತನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ. "ನೀವೇ ಬರೆದುಬಿಡಿ ಮೇಡಂ, ನಿಮ್ಮ ಅಕ್ಷರ ಚೆಂದ ಉಂಟು" ಎಂದು ಅವರು ಬಿಳಿ ಹಾಳೆ ಕೊಟ್ಟರು. ಆ ದೂರಿನ ಆಧಾರದ ಮೇಲೆಯೇ ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ ತಯಾರಾಗುತ್ತದೆ. ಮುಂದೆ ಕೋರ್ಟಿನಲ್ಲಿ ಎಲ್ಲರೂ ಮತ್ತೆ ಮತ್ತೆ ತೆಗೆದು ನೋಡುವ ಕಾಗದ ಅದು.

ನಾನು ಬರೆದೆ. ಬಹಳ ಚೆನ್ನಾಗಿ ಬರೆದೆ. 'ಉಪದ್ರ' ಎಂಬುದು 'ಲೈಂಗಿಕ ದೌರ್ಜನ್ಯ' ಆಯಿತು. 'ಅಮ್ಮನ ಟಾರ್ಚು ಕಾಣದೆ ಆದ ಮೇಲೆ' ಎಂಬುದು 'ಬೆಳಗಿನ ಜಾವ ಸುಮಾರು ಐದು ಗಂಟೆಗೆ' ಆಯಿತು. 'ಹೆದರಿಕೆ' ಎಂಬುದು 'ಪ್ರಾಣಭಯ' ಆಯಿತು. ಅಲ್ಲಿಗೆ ಬಂದಾಗ ಎಸ್‌ಐ, "ಮೊದಲ ಘಟನೆಯ ತಾರೀಕು ಒಂದು ಬೇಕು ಮೇಡಂ. ಪರ್ಬ ಕಳೆದು ಅಂದರೆ ಯಾವತ್ತು? ಕಾಲಂ ಖಾಲಿ ಬಿಡ್ಲಿಕ್ಕಾಗುವುದಿಲ್ಲ" ಎಂದರು.

ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನವನ್ನು ನಾನು ಲೆಕ್ಕ ಹಾಕಿದೆ. ನಯನಳ ಹತ್ತಿರ ಬಗ್ಗಿ ಕೇಳಿದೆ, "ರಜೆ ಮುಗಿದು ಶಾಲೆಗೆ ಹೋದಿಯಲ್ಲ, ಆ ದಿನವಾ ಮಗಾ?"

ಅವಳು ತಲೆ ಆಡಿಸಿದಳು. ನಾವು ಅಲ್ಲಿಗೆ ಬಂದು ನಾಲ್ಕು ತಾಸು ಕಳೆದಿತ್ತು. ಅವಳಿಗೆ ಹಸಿವಾಗಿತ್ತು. ನಾನು ಏನು ಕೇಳಿದ್ದರೂ ತಲೆ ಆಡಿಸುತ್ತಿದ್ದಳು. ಅದು ಹೌದು ಎಂಬುದಲ್ಲ, ಇನ್ನು ಸಾಕು, ಮನೆಗೆ ಹೋಗುವ ಎಂಬುದು. ಹನ್ನೊಂದು ವರ್ಷ ಮಕ್ಕಳಿಗೆ ಪಾಠ ಮಾಡಿದವಳಿಗೆ ಅದು ತಿಳಿಯಬೇಕಿತ್ತು. ನಾನು ತಾರೀಕು ಬರೆದೆ. ವಾರಿಜಳಿಗೆ ಓದಿ ಹೇಳಿದೆ. ಆ ಕನ್ನಡದಲ್ಲಿ ಅರ್ಧ ಅವಳಿಗೆ ಅರ್ಥವಾಗಲಿಲ್ಲ ಎಂದು ಈಗ ಅನ್ನಿಸುತ್ತದೆ. "ಸರಿಯುಂಟಾ?" ಎಂದೆ. "ನೀವು ಬರೆದ ಮೇಲೆ ಸರಿಯೇ ಇರಬೇಕಲ್ಲ" ಎಂದು ರುಜು ಹಾಕಿದಳು.

ಮರುದಿನ ಮಗುವಿನ ವೈದ್ಯಕೀಯ ಪರೀಕ್ಷೆ ಆಯಿತು. ತಾಲೂಕಿನಲ್ಲಿ ಆ ದಿನ ಮಹಿಳಾ ವೈದ್ಯರಿಲ್ಲದ ಕಾರಣ ಮಂಗಳೂರಿಗೆ ಕರೆದುಕೊಂಡು ಹೋದೆವು. ದಿನಗಳು ಕಳೆದಿದ್ದವು. ವರದಿಯಲ್ಲಿ ಗಾಯದ ಗುರುತುಗಳಿಲ್ಲ ಎಂದಿತ್ತು. ಅದರಿಂದ ಏನೂ ನಡೆದಿಲ್ಲ ಎಂದಾಗುವುದಿಲ್ಲ ಎಂದು ವೈದ್ಯರು ನನಗೆ ಬಾಯಲ್ಲಿ ಹೇಳಿದರು. ಕಾಗದದಲ್ಲಿ ಆ ಮಾತು ಇರಲಿಲ್ಲ.

ರೈಟರನ ಬಂಧನವಾಯಿತು. ಕೆಲವು ವಾರಗಳಲ್ಲಿ ಜಾಮೀನೂ ಆಯಿತು. ತೋಟದ ಯಜಮಾನರು ವಾರಿಜಳನ್ನು ಕರೆಸಿ, ಬೈಯಲಿಲ್ಲ, ಮೆಲ್ಲಗೆಯೇ ಹೇಳಿದರಂತೆ, "ಕೇಸು ಮುಗಿಯುವವರೆಗೆ ಬೇರೆಲ್ಲಾದರೂ ಇದ್ದರೆ ನಿನಗೂ ಒಳ್ಳೆಯದು." ಅವಳು ಬಂಟ್ವಾಳ ತಾಲೂಕಿನ ಕಲ್ಲಡ್ಕದ ಹತ್ತಿರ ತಾಯಿಯ ಮನೆಗೆ ಹೋದಳು. ಬೀಡಿ ಕಟ್ಟತೊಡಗಿದಳು. ನಯನಳನ್ನು ಅಲ್ಲಿನ ಶಾಲೆಗೆ ಸೇರಿಸಲು ನಾನೇ ಹೋಗಿದ್ದೆ. ವರ್ಷದ ನಡುವೆ ವರ್ಗಾವಣೆ ಯಾಕೆ ಎಂದು ಹೆಡ್‌ಮಾಸ್ತರರು ಕೇಳಿದಾಗ ವಾರಿಜ ನನಗಿಂತ ಮೊದಲೇ, "ಅಲ್ಲಿ ನೀರು ಹಿಡಿಸಲಿಲ್ಲ ಸರ್" ಎಂದಳು.

ತಿಂಗಳಿಗೆ ಎರಡು ಸಲ ನಾನು ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಕಲ್ಲಡ್ಕಕ್ಕೆ ಹೋಗುತ್ತಿದ್ದೆ. ನಯನ ನಿಧಾನಕ್ಕೆ ಮಾತಿಗೆ ತೆರೆದುಕೊಂಡಳು. ಅಜ್ಜಿಯ ಪಕ್ಕ ಕೂತು ಬೀಡಿಯ ಎಲೆ ಕತ್ತರಿಸಿ ಕೊಡುವುದನ್ನು ಕಲಿತಳು. ಶಾಲೆಯಲ್ಲಿ ಕಬಡ್ಡಿ ಆಡಿದಳು. ಒಮ್ಮೆ ಮೊಣಕಾಲು ತರಚಿಕೊಂಡದ್ದನ್ನು ಹೆಮ್ಮೆಯಿಂದ ತೋರಿಸಿದಳು. ಹಾಗಿರುವಾಗ ಸಮನ್ಸ್ ಬರುತ್ತಿತ್ತು. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಪ್ರತಿ ಸಲ ಅವಳಿಗೆ ವಾಂತಿ. ಕೋರ್ಟಿನ ಜಗಲಿಯಲ್ಲಿ ಸಂಜೆಯವರೆಗೆ ಕೂತರೆ, ಎದುರಿನ ಬೆಂಚಿನಲ್ಲಿ ಅವನೂ ಕೂತಿರುತ್ತಿದ್ದ. ಕೊನೆಗೆ ವಾಯಿದೆ ಮುಂದಕ್ಕೆ. ಹಾಗೆ ಎಷ್ಟು ಸಲ ಹೋಗಿ ಬಂದೆವೋ. ಒಂಬತ್ತರ ಮಗುವಿಗೆ ಹನ್ನೊಂದು ತುಂಬಿತು. ಅವಳು ಮರೆಯಬೇಕು ಎಂದು ನಾನು ಹೇಳುತ್ತಿದ್ದೆ. ನೆನಪಿಟ್ಟುಕೊಳ್ಳಬೇಕು ಎಂದೂ ನಾನೇ ಹೇಳುತ್ತಿದ್ದೆ.

2006ರ ಆರಂಭದಲ್ಲಿ ಸಾಕ್ಷಿ ವಿಚಾರಣೆ ನಡೆಯಿತು. ಇಂಥ ಪ್ರಕರಣಗಳು ಇನ್ ಕ್ಯಾಮೆರಾ, ಅಂದರೆ ಬಾಗಿಲು ಮುಚ್ಚಿ, ಸಂಬಂಧಪಟ್ಟವರ ಎದುರಿಗೆ ಮಾತ್ರ ನಡೆಯುತ್ತವೆ. ನ್ಯಾಯಾಧೀಶರು ಒಳ್ಳೆಯವರು. ಮಗುವಿಗೆ ಆರೋಪಿಯ ಮುಖ ಕಾಣದ ಹಾಗೆ ನಡುವೆ ಪರದೆ ಇಡಿಸಿದರು. ಸಾಕ್ಷಿಯ ಕಟಕಟೆ ಬೇಡ, ಇಲ್ಲಿ ಬಾ ಎಂದು ತಮ್ಮ ಹತ್ತಿರ ಕುರ್ಚಿ ಹಾಕಿಸಿದರು. ಆದರೆ ಅವರು ಘಟ್ಟದ ಮೇಲಿನವರು, ತುಳು ಬರುತ್ತಿರಲಿಲ್ಲ. ಅವಳು ತುಳುವಿನಲ್ಲಿ ಹೇಳಿದ್ದನ್ನು ಗುಮಾಸ್ತರು ಕನ್ನಡ ಮಾಡುತ್ತಿದ್ದರು. ತಾಯಿಯನ್ನೂ ನನ್ನನ್ನೂ ಒಳಗೆ ಬಿಡಲಿಲ್ಲ. ನಾವೂ ಸಾಕ್ಷಿಗಳು. ಒಳಗೆ ನಡೆದದ್ದನ್ನು ಆಮೇಲೆ ಸರಕಾರಿ ವಕೀಲರು ಹೇಳಿದರು. ಹೇಳಿಕೆಯ ನಕಲನ್ನೂ ಓದಿದೆ.

ಆರೋಪಿಯ ವಕೀಲರು ಕೂಗಾಡಲಿಲ್ಲ. ಸಮಾಧಾನದಲ್ಲೇ ಕೇಳಿದ್ದರು.

"ಲೈಂಗಿಕ ದೌರ್ಜನ್ಯ ಅಂದರೆ ಏನಮ್ಮಾ?"

"ಗೊತ್ತಿಲ್ಲ."

"ದೂರಿನಲ್ಲಿ ಹಾಗೆ ಉಂಟಲ್ಲ. ನೀನು ಹಾಗೆ ಹೇಳಿದ್ದಾ?"

"ಇಲ್ಲ."

"ಈ ತಾರೀಕು ಉಂಟಲ್ಲ, ಇದು ನೀನು ಹೇಳಿದ್ದಾ?"

"ಅಲ್ಲ. ಟೀಚರ್ ಬರೆದದ್ದು."

ನಾವು ಅವಳಿಗೆ ಹೇಳಿಕೊಟ್ಟದ್ದು ಒಂದೇ ಮಾತು. ನಿಜವನ್ನೇ ಹೇಳು, ಹೆದರಬೇಡ ಎಂದು. ಅವಳು ಹಾಗೆಯೇ ಮಾಡಿದ್ದಳು.

ಆ ಮೇಲೆ ಆರೋಪಿಯ ವಕೀಲರು ಒಂದು ಕಾಗದ ಹಾಜರುಪಡಿಸಿದರು. ಮೂಡಬಿದಿರೆಯ ಕಡೆಯ ಒಂದು ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು. ರೈಟರ್ ಮಲೇರಿಯಾ ಜ್ವರದಿಂದ ಆರು ದಿನ ಅಲ್ಲಿ ಒಳರೋಗಿಯಾಗಿದ್ದ. ನಾನು ಕ್ಯಾಲೆಂಡರ್ ನೋಡಿ ಬರೆದ ತಾರೀಕು ಆ ಆರು ದಿನಗಳ ನಡುವೆ ಇತ್ತು. ಕಾರ್ಡು ಸುಳ್ಳಲ್ಲ. ನಾನೇ ಹೋಗಿ ವಿಚಾರಿಸಿದ್ದೇನೆ. ಅವನು ನಿಜವಾಗಿಯೂ ಆಗ ಹಾಸಿಗೆಯಲ್ಲಿದ್ದ. ತೋಟಕ್ಕೆ ಮರಳಿದ್ದು ಮತ್ತಿನ ವಾರ. ನಯನ ಹೇಳಿದ್ದು 'ಪರ್ಬ ಕಳೆದ ಮೇಲೆ' ಎಂದಷ್ಟೆ. ಅವಳ ಮಾತಿನಲ್ಲಿ ತಪ್ಪೇ ಇರಲಿಲ್ಲ.

ಉಸ್ಮಾನಾಕ ಸಾಕ್ಷಿ ಹೇಳಲು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅಂಗಡಿಗೆ ಬಂದು, ನಿನಗ್ಯಾಕೆ ಮಾರಾಯ ಇದೆಲ್ಲ ಎಂದವರು ಹಲವರು. ಅವರು ಬರುವುದು ತಪ್ಪಿಸಲಿಲ್ಲ. "ಆ ಹುಡುಗಿ ನಿಮಗೆ ಏನಾಗಬೇಕು?" ಎಂದು ವಕೀಲರು ಕೇಳಿದರಂತೆ. "ಏನೂ ಆಗಬೇಕಿಲ್ಲ ಸ್ವಾಮಿ. ಮಗು" ಎಂದರಂತೆ.

ನನ್ನ ಸರದಿ ಬಂದದ್ದು ಎರಡು ವಾರದ ಬಳಿಕ. ಅದಕ್ಕೆ ಮೊದಲು ಕಚೇರಿಗೆ ಬಂದಿದ್ದ ಹಿತೈಷಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ತಾರೀಕು ತಾಯಿ ಹೇಳಿದ್ದು ಅನ್ನಿ. ಓದು ಬರದವಳು ಲೆಕ್ಕ ತಪ್ಪಿದಳು ಅಂತ ಆಗ್ತದೆ. ಕೇಸು ಸ್ವಲ್ಪ ಉಳಿಯಬಹುದು" ಎಂದಿದ್ದರು. ಬೆಳ್ತಂಗಡಿಯಿಂದ ಮಂಗಳೂರಿನವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಒಂದು ಸಣ್ಣ ಸುಳ್ಳು, ಒಂದು ದೊಡ್ಡ ನ್ಯಾಯಕ್ಕೆ. ಆದರೆ ಪರದೆಯ ಹಿಂದೆ ಕೂತು ಹನ್ನೊಂದು ವರ್ಷದ ಮಗು ನಿಜ ಹೇಳಿ ಹೋದ ಜಾಗ ಅದು. ಅಲ್ಲಿ ನಿಂತು ಅವಳ ತಾಯಿಯ ತಲೆಗೆ ನನ್ನ ತಪ್ಪನ್ನು ಕಟ್ಟುವುದು ನನ್ನಿಂದಾಗಲಿಲ್ಲ.

"ಈ ತಾರೀಕನ್ನು ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನಾನೇ ಲೆಕ್ಕ ಹಾಕಿದ್ದು."

"ಹಾಗಾದರೆ ಈ ದೂರಿನಲ್ಲಿ ಇನ್ನೂ ಏನೇನು ನೀವೇ ಲೆಕ್ಕ ಹಾಕಿದ್ದೀರಿ ಮೇಡಂ?"

ಮಗು ಹೇಳಿದ್ದೆಲ್ಲ ನಿಜ, ಶಬ್ದಗಳು ಮಾತ್ರ ನನ್ನವು ಎಂದು ವಿವರಿಸಲು ನೋಡಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದರು ಆರೋಪಿಯ ವಕೀಲರು.

ಬೇಸಿಗೆ ರಜೆಗೆ ಮೊದಲು ತೀರ್ಪು ಬಂತು. ದೂರು ಕೊಡುವಲ್ಲಿ ತಡವಾಗಿದೆ, ವೈದ್ಯಕೀಯ ಬೆಂಬಲವಿಲ್ಲ, ಹೇಳಿದ ದಿನ ಆರೋಪಿ ಅಲ್ಲಿರಲಿಲ್ಲ, ಮಗುವಿನ ಹೇಳಿಕೆಯಲ್ಲಿ ಬೇರೆಯವರ ಕೈ ಇದ್ದಿರಬಹುದು. ಸಂಶಯದ ಲಾಭ ಆರೋಪಿಗೆ. ಅವನ ಬಿಡುಗಡೆಯಾಯಿತು. ಮೇಲ್ಮನವಿಗೆ ನಾವು ಅರ್ಜಿ ಕೊಟ್ಟೆವು. ಅದು ಮುಂದಕ್ಕೆ ಹೋಗಲಿಲ್ಲ.

ಕೋರ್ಟಿನ ಹೊರಗೆ ಚಹಾದ ಅಂಗಡಿಯ ಮುಂದೆ ಉಸ್ಮಾನಾಕ ನಿಂತಿದ್ದರು. ತೀರ್ಪು ಕೇಳಲೆಂದೇ ಮೂರು ಬಸ್ಸು ಬದಲಿಸಿ ಬಂದಿದ್ದರು.

"ಬಾಯಮ್ಮ, ನಾನು ಆವತ್ತು ಫೋನು ಮಾಡಿದ್ದು ತಪ್ಪಾಯಿತಾ?"

"ಇಲ್ಲ ಉಸ್ಮಾನಾಕ. ನೀವು ಮಾಡದಿದ್ದರೆ ಅವಳು ಇನ್ನೂ ಆ ಮನೆಯಲ್ಲೇ ಇರ್ತಿದ್ದಳು."

"ಹೌದು. ಅಷ್ಟಾದರೂ ಆಯಿತು" ಎಂದರು. ನನಗೆ ಚಹಾ ಕುಡಿಸಿದರು.

ಮರುದಿನ ನಾನು ಕಲ್ಲಡ್ಕಕ್ಕೆ ಹೋದೆ. ವಾರಿಜ ಹಿಂದಿನ ದಿನ ಕೋರ್ಟಿಗೆ ಬಂದಿರಲಿಲ್ಲ, ನಾನೇ ಬೇಡವೆಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಯಿತು. ಮಡಿಲಲ್ಲಿದ್ದ ಬೀಡಿಯ ಮೊರವನ್ನು ಬದಿಗಿಟ್ಟು ಒಳಗೆ ಹೋಗಿ, ತುಂಬ ಹೊತ್ತು ಹೊರಗೆ ಬರಲಿಲ್ಲ. ನಯನ ಜಗಲಿಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದಳು. ತಲೆ ಎತ್ತಿ ಕೇಳಿದಳು.

"ಟೀಚರ್, ನಾನು ಸುಳ್ಳು ಹೇಳಿದ್ದು ಅಂತ ಅವರು ಬರೆದಿದ್ದಾರಾ?"

ಸಮಾಧಾನದ ಮಾತುಗಳು ನನಗೆ ಬೇಕಾದಷ್ಟು ಬರುತ್ತಿದ್ದವು, ಅದೇ ನನ್ನ ಉದ್ಯೋಗ. ಅವನ್ನೆಲ್ಲ ಬಿಟ್ಟು ಅವಳ ಪಕ್ಕ ಕೂತೆ. "ಇಲ್ಲ ಮಗಾ" ಎಂದೆ. "ನೀನು ಹೇಳಿದ್ದೆಲ್ಲ ಸರಿ. ನಾನು ಬರೆದದ್ದು ತಪ್ಪಾಯಿತು. ನೀನು ಹೇಳದ ತಾರೀಕು ನಾನು ಬರೆದೆ."

ಅವಳು ನನ್ನನ್ನೇ ನೋಡಿದಳು. ಟೀಚರುಗಳೂ ತಪ್ಪು ಬರೆಯುತ್ತಾರೆ ಎಂಬುದು ಅವಳಿಗೆ ಹೊಸತಿರಬೇಕು.

"ಹಾಗಾದರೆ ಅವರಿಗೆ ಹೇಳಿ."

"ಹೇಳಿದೆ. ಕೋರ್ಟಿನಲ್ಲೇ ಹೇಳಿದೆ."

"ಮತ್ತೆ?"

ಆ 'ಮತ್ತೆ'ಗೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವಳು ಪುಸ್ತಕದ ಕಡೆಗೆ ತಿರುಗಿದಳು.

ನಂತರವೂ ನಾಲ್ಕೈದು ತಿಂಗಳು ಹೋಗುತ್ತಿದ್ದೆ. ನಾನು ಬಂದೆನೆಂದರೆ ನಯನ ಹಿತ್ತಿಲಿಗೆ ಹೋಗುವುದನ್ನು ಕಂಡೆ. ಒಂದು ದಿನ ವಾರಿಜ ಬಸ್ಸಿನವರೆಗೆ ಬಿಡಲು ಬಂದವಳು, ಬಸ್ಸು ದೂರದಲ್ಲಿ ಕಾಣುವಾಗ ಹೇಳಿದಳು, "ಟೀಚರ್, ನೀವು ನಮಗೆ ಮಾಡಿದ್ದನ್ನು ಮರೆಯುವುದಿಲ್ಲ. ಆದರೆ ಇನ್ನು ಬರಬೇಡಿ. ನಿಮ್ಮನ್ನು ಕಂಡರೆ ಅವಳಿಗೆ ಅದೆಲ್ಲ ನೆನಪಾಗ್ತದೆ. ರಾತ್ರಿ ಊಟ ಮಾಡುವುದಿಲ್ಲ." ನನಗೆ ಸಿಟ್ಟು ಬರಲಿಲ್ಲ. ತಾಯಿ ಹೇಳಿದ್ದು ಸರಿಯಿತ್ತು. ಆ ಮಗುವಿನ ಪಾಲಿಗೆ ನಾನು ಕೋರ್ಟಿನ ಜಗಲಿಯಾಗಿದ್ದೆ, ಬಸ್ಸಿನ ವಾಂತಿಯಾಗಿದ್ದೆ. ಕೇಂದ್ರದ ಕಡತದಲ್ಲಿ 'ಕುಟುಂಬದ ಕೋರಿಕೆಯಂತೆ ಭೇಟಿ ನಿಲ್ಲಿಸಲಾಗಿದೆ' ಎಂದು ಬರೆದು ಮುಚ್ಚಿದೆ.

ನಾನು ಕೆಲಸ ಬಿಡಲಿಲ್ಲ. ಬಿಡಬೇಕೆನಿಸಿತ್ತು. ಆದರೆ ಫೋನು ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಮುಂದಿನ ಹನ್ನೆರಡು ವರ್ಷ, ನಿವೃತ್ತಿಯವರೆಗೆ, ಮಗು ಆಡಿದ ಮಾತನ್ನು ಅದು ತುಳುವಾದರೆ ತುಳುವಿನಲ್ಲೇ, ಬ್ಯಾರಿ ಭಾಷೆಯಾದರೆ ಹಾಗೆಯೇ, ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ನನಗೆ ಬಾರದ ಭಾಷೆಯಾದರೆ ಬಲ್ಲವರನ್ನು ಕರೆಸಿದೆ. ಒಮ್ಮೆ ಇನ್ನೊಂದು ಠಾಣೆಯಲ್ಲಿ ನನ್ನ ಕಾಗದ ನೋಡಿದ ಅಧಿಕಾರಿ, "ಇದೇನು ಮೇಡಂ, ಟೀಚರ್ ಆಗಿದ್ದವರು ಹೀಗೆ ಬರೆಯುವುದಾ? ತಾರೀಕಿನ ಜಾಗದಲ್ಲಿ ಗೊತ್ತಿಲ್ಲ ಅಂತ ಉಂಟು" ಎಂದು ನಕ್ಕರು. "ಮಗುವಿಗೆ ಗೊತ್ತಿಲ್ಲ ಸರ್. ಅದಕ್ಕೇ ಹಾಗೆ ಬರೆದದ್ದು. ಹಾಗೆಯೇ ಇರಲಿ" ಎಂದೆ. ಅವರು ಎರಡು ಸಲ ತಿದ್ದಲು ಹೇಳಿದರು. ನಾನು ತಿದ್ದಲಿಲ್ಲ.

ಹೊಸದಾಗಿ ಸೇರುವ ಸಮಾಲೋಚಕಿಯರಿಗೆ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. ಅವರಿಗೆ ನಾನು ಈ ಕಥೆ ಹೇಳುತ್ತೇನೆ. ಮಗು ತನ್ನ ಹತ್ತಿರ ಇದ್ದದ್ದನ್ನೆಲ್ಲ ಕೊಟ್ಟಿರುತ್ತದೆ, ಸಾಲದು ಎಂದು ನಮ್ಮದನ್ನು ಸೇರಿಸಬಾರದು, ಸೇರಿಸಿದ ದಿನ ಅದು ಮಗುವಿನ ಸಾಕ್ಷಿಯಾಗಿ ಉಳಿಯುವುದಿಲ್ಲ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಕೊನೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ಆ ಹುಡುಗಿ ಈಗ ಹೇಗಿದ್ದಾಳೆ ಎಂದು. ಚೆನ್ನಾಗಿದ್ದಾಳೆ ಎಂದರೆ ಎಲ್ಲರಿಗೂ ಸಮಾಧಾನ ಆಗುತ್ತದೆ, ನನಗೂ ಆಗುತ್ತದೆ. ಗೊತ್ತಿಲ್ಲ ಎನ್ನುತ್ತೇನೆ.